ಬಿಳಿಕಲ್ಲು ಹಾಲ್ಟಿನ ಸಾಕ್ಷಿ

ಚಪ್ಪಲಿ ಬಿಡುವ ಮೊದಲು ಪ್ರೇಮಮ್ಮ ಅಂಗಳದಲ್ಲಿದ್ದ ಚಪ್ಪಲಿಗಳ ಮೇಲೆಲ್ಲ ಕಣ್ಣಾಡಿಸಿದಳು. ಹವಾಯಿಗಳು, ಬೂಟುಗಳು, ಅಜ್ಜಂಪುರದಿಂದ ಬಂದ ನೆಂಟರ ಹೊಸ ಚಡಾವುಗಳು. ಗೋಡೆಗೆ ಒತ್ತಿ ನೀಟಾಗಿ ಜೋಡಿಸಿಟ್ಟ ತೊಗಲಿನ ಒಂದು ಜೊತೆ ಕಣ್ಣಿಗೆ ಬಿತ್ತು. ಎಡಗಾಲಿನದು ಹಿಮ್ಮಡಿಯ ಹತ್ತಿರ ಒಂದೇ ಕಡೆಗೆ ಸವೆದಿತ್ತು. ಭಾವ ತನಗಿಂತ ಮೊದಲೇ ಬಂದಿದ್ದ.

"ನೋಡಿದ್ಯಾ?" ಎಂದಳು ಮಗಳ ಕಡೆ ತಿರುಗಿ.

"ಏನಮ್ಮ?"

"ನಿಮ್ ದೊಡ್ಡಪ್ಪ. ಹೆಣ ತೊಳೆಯೋಕ್ ಮುಂಚೆನೇ ಬಂದು ಕೂತವ್ನೆ."

"ಊರೇ ಬಂದೈತೆ, ಅವರು ಬರ್ದೆ ಇರ್ತಾರಾ? ಮೆತ್ತಗ್ ಮಾತಾಡು," ಎಂದು ಕೋಮಲಾ ಅವಳ ಮೊಣಕೈ ಹಿಡಿದು ಒಳಕ್ಕೆ ನಡೆಸಿದಳು. ಅವಳ ಕಣ್ಣು ಅತ್ತು ಕೆಂಪಾಗಿತ್ತು. ದಾವೂದ್ ಸಾಬರು ಹೋದದ್ದು ಮೊದಲು ಗೊತ್ತಾಗಿದ್ದೇ ಅವಳಿಗೆ. ಕಡೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳು ಬೆಳಗಿನ ಪ್ಯಾಸೆಂಜರಿಗೆಂದು ಹೋದಾಗ ಪ್ಲಾಟ್‌ಫಾರಮ್ಮು ಗುಡಿಸಿಯಾಗಿತ್ತು. ಪೊರಕೆಯನ್ನು ಪಕ್ಕಕ್ಕೆ ಒರಗಿಸಿ ಸಾಬರು ಬೆಂಚಿನ ಮೇಲೆ ಕೂತಿದ್ದರು. ಕರೆದರೆ ಓಗೊಡಲಿಲ್ಲ. ನಾಡಿ ಹಿಡಿದು ನೋಡಿದವಳು ಅಂದು ಕೆಲಸಕ್ಕೆ ಹೋಗದೆ ಅವರ ಮನೆಬಾಗಿಲಿಗೆ ಓಡಿದ್ದಳು.

ಅಮ್ಮ ತಾನಾಗಿಯೇ "ನಾನೂ ಬತ್ತೀನಿ" ಅಂದದ್ದು ಕೋಮಲಾಗೆ ಸಮಾಧಾನ ತಂದಿತ್ತು. ಇಷ್ಟು ವರ್ಷದ ಮೇಲಾದರೂ ಅಮ್ಮನ ಮನಸ್ಸು ಕರಗಿತಲ್ಲ ಅಂದುಕೊಂಡಿದ್ದಳು. ಪ್ರೇಮಮ್ಮ ಬಂದದ್ದು ಕರಗಿ ಅಲ್ಲ. ಸಾವಿನ ಮನೆಯಲ್ಲಿ ಯಾರು ಯಾರ ಕಿವಿಯಲ್ಲಿ ಏನು ಹೇಳುತ್ತಾರೆ, ಯಾರು ಯಾರ ಕಣ್ಣು ತಪ್ಪಿಸುತ್ತಾರೆ ಎಂದು ನೋಡುವುದಕ್ಕೆ ಬಂದಿದ್ದಳು.

ಬಾಗಿಲ ಪಕ್ಕದ ಹೆಂಗಸರ ಚಾಪೆಯಲ್ಲಿ ಅಂಗಳ ಕಾಣುವ ಹಾಗೆ ಕೂತಳು. ಶಾಮಿಯಾನದ ಕೆಳಗೆ ಈರಭದ್ರಪ್ಪ ಮಾತಾಡುತ್ತಿದ್ದರು. ಊರಿನಲ್ಲಿ ಅವರಿಗಿಂತ ಹಿರಿಯರು ಈಗ ಇಲ್ಲ.

"ಸ್ಟೇಷನ್ ಅಂತ ಎಲ್ಲಿತ್ತು ಕಣ್ರೀ ಆಗ? ಒಂದ್ ಮಣ್ಣು ದಿಬ್ಬ, ಒಂದ್ ತಗಡಿನ ಗೂಡು. ಆ ಗೂಡಲ್ಲಿ ಕೂತ್ಕಂಡು ಟಿಕೀಟ್ ಕೊಟ್ಟ ಪುಣ್ಯಾತ್ಮ. ಕರೋನದಾಗೆ ರೈಲೇ ನಿಲ್ತಿರ್ಲಿಲ್ವಲ್ಲ, ಆಗ್ಲೂ ದಿನಾ ಗುಡ್ಸೋರು. ಯಾಕ್ ಸಾಬ್ರೇ, ಯಾರು ಬತ್ತಾರೆ ಅಂತ ಗುಡಿಸ್ತೀರಾ ಅಂದ್ರೆ, ನಗೋರು."

"ಒಂದ್ ದಿನಾನೂ ತಪ್ಪಿಸಿದ್ ನಾನ್ ಕಾಣೆ," ಎಂದ ಇನ್ನೊಬ್ಬ. "ರೈಲು ಬತ್ತದೆ ಅಂದ್ರೆ ಅಲ್ಲಿ ನಿಂತಿರ್ಬೇಕು. ಜ್ವರ ಬಂದ್ರೂ ಸೈ, ಮಗನ ಮದುವೆ ಆದ್ರೂ ಸೈ."

ಭಾವ ಸೋಮಶೇಖರಪ್ಪ ಅವರ ಪಕ್ಕದಲ್ಲೇ ಕುರ್ಚಿಯ ಮೇಲೆ, ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಪ್ರೇಮಮ್ಮ ಅವನ ಬಾಯನ್ನೇ ನೋಡುತ್ತಿದ್ದಳು.

*

ಸಣ್ಣ ಹಳಿಯ ಕಾಲದಲ್ಲಿ ಬಿಳಿಕಲ್ಲಿನವರು ರೈಲನ್ನು ನೋಡುತ್ತಿದ್ದರೇ ಹೊರತು ಹತ್ತುತ್ತಿರಲಿಲ್ಲ. ಹತ್ತಬೇಕಾದರೆ ಅಜ್ಜಂಪುರಕ್ಕೋ ಬೀರೂರಿಗೋ ಹೋಗಬೇಕು. ಹಿರಿಯರು ಅರ್ಜಿ ಕೊಟ್ಟು, ಬಂದ ಅಧಿಕಾರಿಗಳಿಗೆಲ್ಲ ಎಳನೀರು ಕೊಟ್ಟು, ಕೊನೆಗೆ ಪ್ಯಾಸೆಂಜರ್ ಗಾಡಿಯೊಂದು ಊರ ಮುಂದೆ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಲ್ಲುವಂತಾಯಿತು. ಮೊದಲ ದಿನ ಇಂಜಿನ್ನಿಗೆ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ ಕಳಿಸಿದ್ದರಂತೆ. ಆಮೇಲೆ ಹಾಲು, ತರಕಾರಿ, ಕಾಲೇಜಿಗೆ ಹೋಗುವ ಮಕ್ಕಳು, ಕಡೂರಿನ ಕಚೇರಿಗಳಿಗೆ ಹೋಗುವವರು, ಎಲ್ಲರಿಗೂ ಆ ದಿಬ್ಬವೇ ಊರಬಾಗಿಲಾಯಿತು.

ಇಂಥ ಪುಟ್ಟ ನಿಲ್ದಾಣಕ್ಕೆ ಹಾಲ್ಟು ಅನ್ನುತ್ತಾರೆ; ಅದಕ್ಕೆ ರೈಲ್ವೆ ನೌಕರರಿಲ್ಲ. ಬೀರೂರಿನಿಂದ ಟಿಕೆಟು ತಂದು ಮಾರುವುದಕ್ಕೆ ಒಬ್ಬ ಏಜೆಂಟು. ಅಜ್ಜಂಪುರದ ದಾವೂದ್ ಸಾಬರಿಗೆ ಆ ಕೆಲಸ ಸಿಕ್ಕಿದಾಗ ಅವರಿಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಬೆಳಿಗ್ಗೆ ಸೈಕಲ್ಲಿನಲ್ಲಿ ಬರುತ್ತಿದ್ದರು, ಸಂಜೆಯ ಗಾಡಿ ಕಳಿಸಿ ಹೋಗುತ್ತಿದ್ದರು. ದೊಡ್ಡ ಹಳಿ ಬಂದಮೇಲೆ ಗಾಡಿಗಳ ವೇಗ ಹೆಚ್ಚಿತು, ಇಂಥ ಸಣ್ಣ ಹಾಲ್ಟುಗಳನ್ನು ಮುಚ್ಚುತ್ತಾರೆ ಅನ್ನುವ ಮಾತೂ ಹೆಚ್ಚಿತು.

ಆ ದಿನಗಳಲ್ಲೇ, ಧನುರ್ಮಾಸದ ಒಂದು ಬೆಳಿಗ್ಗೆ, ಪ್ರೇಮಮ್ಮನ ಗಂಡ ರೇಣುಕಪ್ರಸಾದ್ ಮತ್ತು ಅವನ ಅಣ್ಣ ಸೋಮಶೇಖರಪ್ಪ ಅಜ್ಜಂಪುರಕ್ಕೆ ಹೊರಟರು. ಅಲ್ಲಿ ಹಿರಿಯರ ಮುಂದೆ ಪಾಲಿನ ಪಂಚಾಯ್ತಿ. ಬಾವಿ ಇರುವ ಹೊಲ ಯಾರಿಗೆ ಅನ್ನುವುದು ಇತ್ಯರ್ಥವಾಗಬೇಕಿತ್ತು. ಪ್ರೇಮಮ್ಮ ಕೂಸು ಕೋಮಲಾಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಷ್ಟು ಮಂಜು ಕವಿದಿತ್ತೆಂದರೆ ಬೀದಿಯ ತಿರುವು ಬರುವ ಮೊದಲೇ ಅಣ್ಣತಮ್ಮಂದಿರಿಬ್ಬರೂ ಕಾಣದಾದರು. ಅವರ ದನಿ ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೇಳುತ್ತಿತ್ತು. ಏರಿದ ದನಿ.

ಅವರು ಹತ್ತಬೇಕಿದ್ದ ಗಾಡಿಗೇ ಅವಳ ಗಂಡ ಸಿಕ್ಕಿದ.

ಮಂಜಿನಲ್ಲಿ ತನಗೇನೂ ಕಾಣಲಿಲ್ಲ ಎಂದ ಇಂಜಿನ್ನಿನವನು. ಅಜ್ಜಂಪುರದ ಕಡೆ ಹೋಗುವವರು ಅಂದು ಬೇರೆ ಯಾರೂ ಇರಲಿಲ್ಲ. ಪೊಲೀಸರು ಕೇಳಿದಾಗ ದಾವೂದ್ ಸಾಬರು ಮುಂದೆ ಬಂದು ಹೇಳಿದರು: ಅಂಚಿನ ಕಲ್ಲು ಇಬ್ಬನಿಗೆ ಜಾರುತ್ತಿತ್ತು. ರೈಲು ಬಂತೇ ಎಂದು ಹುಡುಗ ಬಗ್ಗಿ ನೋಡಿದ. ಕಾಲು ಜಾರಿತು. ಅವರಣ್ಣ ದೂರದಲ್ಲಿ ನಲ್ಲಿಯ ಹತ್ತಿರ ಇದ್ದರು. ನಾನು ಕಣ್ಣಾರೆ ನೋಡಿದೆ.

ಪ್ರೇಮಮ್ಮ ಮೊದಲ ದಿನವೇ ಅದನ್ನು ನಂಬಲಿಲ್ಲ. ಹೊಲದ ಬದುವಿನ ಮೇಲೆ ಮಳೆಯಲ್ಲಿ ಓಡುತ್ತಿದ್ದ ಗಂಡಸು ಕಲ್ಲಿನ ಮೇಲೆ ಜಾರುತ್ತಾನೆಯೇ? ನಂಬದೆ ಇರುವುದಕ್ಕೆ ಮರುವರ್ಷ ಇನ್ನೂ ದೊಡ್ಡ ಕಾರಣ ಸಿಕ್ಕಿತು. ದಾವೂದ್ ಸಾಬರು ಅಜ್ಜಂಪುರ ಬಿಟ್ಟು ಹಾಲ್ಟಿನ ಪಕ್ಕದಲ್ಲೇ ಮನೆ ಕಟ್ಟಿದರು. ಜಾಗ ಸೋಮಶೇಖರಪ್ಪನದು. ಖಾತೆಯನ್ನೂ ಅವನೇ ಮಾಡಿಸಿಕೊಟ್ಟ. ಊರಿನಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ. ಪ್ರೇಮಮ್ಮ ಮಾತ್ರ ನೀರಿಗೆ ಹೋದಾಗಲೆಲ್ಲ ಆ ಗೋಡೆ ಏಳುವುದನ್ನು ನೋಡುತ್ತಿದ್ದಳು. ಒಂದೊಂದು ಇಟ್ಟಿಗೆಯೂ ಸಾಬರು ನುಂಗಿದ ಒಂದೊಂದು ಮಾತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಪಾಲು ಆಮೇಲೆ ಆಯಿತು. ಬಾವಿಯ ಹೊಲವನ್ನು ಭಾವ ತಾನಾಗಿಯೇ ಅವಳಿಗೆ ಬಿಟ್ಟ. ಅದೂ ಅವಳ ಅನುಮಾನವನ್ನು ಹೆಚ್ಚಿಸಿತೇ ಹೊರತು ತಗ್ಗಿಸಲಿಲ್ಲ. ಅಂದಿನಿಂದ ಅವನ ಜೊತೆ ಮಾತಿಲ್ಲ. ಅಂದಿನಿಂದ ಅವಳು ಆ ಹಾಲ್ಟಿನಲ್ಲಿ ರೈಲೂ ಹತ್ತಲಿಲ್ಲ. ತರೀಕೆರೆಗಿರಲಿ, ತವರೂರು ಸಿಂಗಟಗೆರೆಗಿರಲಿ, ರಸ್ತೆಗೆ ಹೋಗಿ ಬಸ್ಸು ಕಾಯುತ್ತಿದ್ದಳು.

ಒಂದು ಸಲ, ಕೋಮಲಾ ಗಾಡಿಯಲ್ಲಿ ಮರೆತುಬಂದ ಪುಸ್ತಕದ ಚೀಲವನ್ನು ಹಿಡಿದು ಸಾಬರೇ ಮನೆಯವರೆಗೆ ಬಂದರು. ಚೀಲ ಕೊಟ್ಟರು. ಹೋಗಲಿಲ್ಲ. ಜಗಲಿಯ ಕಂಬ ಹಿಡಿದುಕೊಂಡು ನಿಂತರು.

"ಏನಾದ್ರೂ ಹೇಳ್ಬೇಕಿತ್ತಾ?" ಎಂದಳು ಪ್ರೇಮಮ್ಮ, ಒಳಗೆ ಕರೆಯದೆ.

ಸಾಬರು ಬಾಯಿ ತೆರೆದರು. ಮತ್ತೆ ಮುಚ್ಚಿದರು. "ಏನಿಲ್ಲಮ್ಮ. ಗಾಡಿ ಬರೋ ಹೊತ್ತಾಯ್ತು," ಎಂದು ಬೇಗಬೇಗ ನಡೆದುಬಿಟ್ಟರು.

ಅಂದು ಅವಳಿಗೆ ಖಾತ್ರಿಯಾಗಿತ್ತು. ಇವನು ಏನೋ ನೋಡಿದ್ದಾನೆ.

*

ಸ್ನಾನ ಮಾಡಿಸಿ ಕಫನ್ ಹೊದಿಸಿಯಾಗಿತ್ತು. ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಮುಖ ನೋಡಿ ಬರುತ್ತಿದ್ದರು. ಪ್ರೇಮಮ್ಮನೂ ಹೋಗಿ ನಿಂತಳು. ಕರ್ಪೂರದ ವಾಸನೆ. ಬಿಳಿ ಬಟ್ಟೆಯ ನಡುವೆ ಆ ಮುಖ ಅವಳು ನೆನಸಿದ್ದಕ್ಕಿಂತ ಚಿಕ್ಕದಾಗಿತ್ತು. ತುಟಿ ಸ್ವಲ್ಪ ಬಿಟ್ಟುಕೊಂಡಿತ್ತು. ಜಗಲಿಯಲ್ಲಿ ಅಂದು ಬಿಟ್ಟುಕೊಂಡಿದ್ದ ಹಾಗೆಯೇ ಎಂದು ಅವಳಿಗೆ ಅನ್ನಿಸಿತು.

ಜನಾಜದ ಮಂಚ ಎತ್ತುವ ಹೊತ್ತು. ಸಾಬರ ಮಗ ಜುಲ್ಫಿಕರ್ ಬಾಗಿಲ ಹತ್ತಿರ, ಗಂಡಸರಿಗೂ ಹೆಂಗಸರಿಗೂ ಕಾಣುವ ಹಾಗೆ ನಿಂತುಕೊಂಡ.

"ನಮ್ಮ ಅಬ್ಬಾ ಈ ಊರಲ್ಲೇ ಬಾಳಿ ಬದುಕಿದ್ರು. ಅವರ ಮಾತಿಂದ, ನಡತೆಯಿಂದ ಯಾರಿಗಾದ್ರೂ ನೋವಾಗಿದ್ರೆ, ಅವರ ಮೇಲೆ ಯಾರದಾದ್ರೂ ಹಕ್ಕು ಉಳಿದಿದ್ರೆ, ಈಗ್ಲೇ ಹೇಳಿ. ಇಲ್ಲಾಂದ್ರೆ ಮಾಫ್ ಮಾಡಿ ಕಳಿಸ್ಕೊಡಿ."

"ಮಾಫ್, ಮಾಫ್," ಎಂದರು ಸಾಬರ ನೆಂಟರು. "ಅಂಥೋರಿಂದ ಏನಪ್ಪಾ ನೋವು?" ಎಂದರು ಈರಭದ್ರಪ್ಪ. ಹೆಂಗಸರೂ ಗುಣುಗುಟ್ಟಿದರು. ಕೋಮಲಾ ಕಣ್ಣೊರೆಸಿಕೊಂಡು ಮಾಫ್ ಅಂದಳು. ಸೋಮಶೇಖರಪ್ಪನ ತುಟಿಯೂ ಅಲ್ಲಾಡಿತು.

ಪ್ರೇಮಮ್ಮ ತುಟಿ ಬಿಗಿದುಕೊಂಡು ನಿಂತಿದ್ದಳು.

ಅದನ್ನು ಯಾರೂ ಗಮನಿಸಿರಲಾರರು ಅಂದುಕೊಂಡಿದ್ದಳು. ಕೋಣೆಯ ಹೊಸ್ತಿಲಾಚೆ ಬಿಳಿ ದುಪ್ಪಟ್ಟ ಹೊದ್ದು ಕೂತಿದ್ದ ಸಾಬರ ಹೆಂಡತಿ ಸೈದಾನಿ ಬಿ ಅವಳನ್ನೇ ನೋಡುತ್ತಿದ್ದಳು. ಕೈಸನ್ನೆ ಮಾಡಿ ಕರೆದಳು. ಹಾಗೆಯೇ ಮಗನಿಗೆ ದಖ್ಖನಿಯಲ್ಲಿ ಏನೋ ಹೇಳಿದಳು. ಜುಲ್ಫಿಕರ್ ಗಂಡಸರ ಕಡೆ ತಿರುಗಿ, "ಸ್ವಲ್ಪ ತಡೀರಿ. ಅಮ್ಮಿ ಇನ್ನೂ ಎತ್ತಬೇಡಿ ಅಂತವ್ರೆ," ಎಂದ.

ಕೋಣೆಯಲ್ಲಿದ್ದ ಹೆಂಗಸರನ್ನು ಸೈದಾನಿ ಬಿ ಆಚೆ ಕಳಿಸಿದಳು. ಪ್ರೇಮಮ್ಮನನ್ನು ಎದುರಿಗೆ ಕೂರಿಸಿಕೊಂಡಳು.

"ಪ್ರೇಮಕ್ಕ, ನೀವು ಮಾಫ್ ಅನ್ಲಿಲ್ಲ."

"ಅನ್ಲಿಲ್ಲ."

"ಅವರು ಮಣ್ಣಿಗೆ ಹೋಗ್ತಾ ಇದಾರೆ. ನಿಮ್ಮದೊಂದು ಇಟ್ಕಂಡು ಹೋದ್ರೆ ಅಲ್ಲಿ ಏನ್ ಜವಾಬು ಕೊಡ್ತಾರೆ? ನಿಮ್ ಕಾಲಿಗ್ ಬೀಳ್ತೀನಿ. ಒಂದ್ ಮಾತು ಅಂದ್ಬಿಡಿ."

"ಅವರು ಅವತ್ತು ಏನ್ ನೋಡಿದ್ರು? ಅದನ್ನ ಹೇಳು. ಆಮೇಲೆ ಮಾಫ್ ಅಂತೀನಿ," ಎಂದಳು ಪ್ರೇಮಮ್ಮ. ತನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. "ನಿಂಗೆ ಗೊತ್ತಿಲ್ದೆ ಇರಲ್ಲ. ಒಂದೇ ಹಾಸ್ಗೆ ಮೇಲೆ ಮಲಗಿದೋಳು ನೀನು. ನಮ್ ಭಾವ ತಳ್ಳಿದ್ನಾ? ಅದನ್ನ ಮುಚ್ಚಿಡೋಕೆ ಈ ಜಾಗ ಕೊಟ್ನಾ?"

ಸೈದಾನಿ ಬಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. ಹೊರಗೆ ಯಾರೋ ಕೆಮ್ಮಿದರು.

"ಅವರು ಏನೂ ನೋಡಿಲ್ಲ ಪ್ರೇಮಕ್ಕ."

"ಇದೇ ಸುಳ್ಳು ಕೇಳಿ ಕೇಳಿ..."

"ಸುಳ್ಳಲ್ಲ. ಅವತ್ತು ಅವರು ಸ್ಟೇಷನ್ನಾಗೆ ಇರ್ಲೇ ಇಲ್ಲ. ಬೀರೂರಲ್ಲಿ ಅವರ ಅಕ್ಕನ ಮಗಳ ಮಂಗ್ನಿ, ನಿಶ್ಚಿತಾರ್ಥ. ಹಿಂದಿನ ದಿನ ಹೋಗಿದ್ವಿ, ಅಲ್ಲೇ ಉಳ್ಕೊಂಡ್ವಿ. ಬೆಳಿಗ್ಗೆ ಬೇಗ ಹೋಗಿ ಬಾಗಿಲು ತೆಗೀತೀನಿ ಅಂದೋರು ಎದ್ದಿದ್ದು ತಡ. ಅದೇ ಗಾಡಿಯಾಗೆ ಬಂದ್ವಿ. ನಾನೂ ಅದೇ ಬೋಗಿಯಾಗೆ ಇದ್ದೆ, ಈ ಜುಲ್ಫಿಕರ್ ನನ್ ತೊಡೆ ಮೇಲಿದ್ದ. ಗಾಡಿ ಝಟ್ ಅಂತ ನಿಂತ್ಕಂತು. ಮಂಜಲ್ಲಿ ಇಳಿದು ಓಡಿದ್ರು."

"ಮತ್ತೆ ಪೊಲೀಸ್ನೋರಿಗೆ ನೋಡ್ದೆ ಅಂದ್ರಲ್ಲ?" ಎಂದಳು ಪ್ರೇಮಮ್ಮ.

"ಬಾಗಿಲು ಹಾಕಿತ್ತು, ಏಜೆಂಟೇ ಇರ್ಲಿಲ್ಲ ಅಂತ ಗೊತ್ತಾದ್ರೆ ಕೆಲಸ ಹೋಗ್ತದೆ. ಸ್ಟೇಷನ್ ಮುಚ್ಚೋಕೆ ರೈಲ್ವೆಯೋರಿಗೊಂದು ನೆಪ ಸಿಕ್ತದೆ. ಆ ದಿಗಿಲಿಗೆ, ನಾನಿದ್ದೆ ಅಂದ್ಬಿಟ್ರು. ಇದ್ದೆ ಅಂದ್ಮೇಲೆ ಏನ್ ನೋಡಿದೆ ಅಂತ ಕೇಳಿದ್ರು. ಕಲ್ಲು ಒದ್ದೆಯಿತ್ತಲ್ಲ, ಜಾರಿರ್ಬೇಕು ಅಂದ್ಕೊಂಡು ಜಾರಿದ ಅಂದ್ರು. ಆಮೇಲೆ ಆ ಮಾತು ವಾಪಸ್ ತಗಳ್ಳೋಕಾಗ್ಲಿಲ್ಲ. ಎಷ್ಟೋ ಸಲ ನಿಮ್ಮನೆ ತಂಕ ಬಂದು ತಿರುಗ್ಬಂದ್ರು."

"ಈ ಜಾಗ?"

"ಅಜ್ಜಂಪುರದಲ್ಲಿ ಅವರಿಗೆ ನಿದ್ದೆ ಹತ್ತುತ್ತಿರ್ಲಿಲ್ಲ. ಸ್ಟೇಷನ್ ಪಕ್ಕದಲ್ಲೇ ಇರ್ತೀನಿ, ಇನ್ನೊಂದ್ ಗಾಡಿ ತಪ್ಪಿಸಲ್ಲ ಅಂದ್ರು. ಸೋಮಶೇಖರಪ್ಪನೋರನ್ನ ಕೇಳಿದ್ರು, ಕೊಟ್ರು. ಯಾಕ್ ಕೊಟ್ರು ಅಂತ..." ಸೈದಾನಿ ಬಿ ದುಪ್ಪಟ್ಟದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಖುದಾನಾಣೆ ನಂಗೂ ಗೊತ್ತಿಲ್ಲ. ಕೇಳೋಕೆ ಹೆದರಿಕೆ ಆಗ್ತಿತ್ತು."

ಇಷ್ಟು ವರ್ಷ ಪ್ರೇಮಮ್ಮ ಒಂದು ಬೀಗ ಹಾಕಿದ ಬಾಗಿಲ ಮುಂದೆ ಕಾದಿದ್ದಳು. ಬಾಗಿಲು ತೆರೆದರೆ ಒಳಗೆ ಬರೀ ಗೋಡೆ. ಅವಳಿಗೆ ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಒಂದೇ ಒಂದು ವಿಚಾರ ತಲೆಯೊಳಗೆ ಹೊಕ್ಕು ಕೂತಿತು. ಬಾಗಿಲು ಹಾಕಿದ್ದ ಸ್ಟೇಷನ್ನಿನ ಮುಂದೆ ನಿಂತಿದ್ದ ಭಾವನಿಗೆ ಸಾಬರು ಇಲ್ಲ ಅನ್ನುವುದು ಗೊತ್ತಿತ್ತಲ್ಲವೇ? ಗೊತ್ತಿದ್ದೂ ಆ ಸಾಕ್ಷಿಯನ್ನು ಒಪ್ಪಿಕೊಂಡನಲ್ಲ?

ಸೈದಾನಿ ಬಿ ಕೈಮುಗಿದು ಕಾಯುತ್ತಿದ್ದಳು. ಕೈಯ ಬಳೆ ತೆಗೆದ ಗುರುತು ಇನ್ನೂ ಕೆಂಪಗಿತ್ತು.

"ಅವರಿಗೆ ಮಾಫ್," ಎಂದಳು ಪ್ರೇಮಮ್ಮ. "ಎತ್ತೋಕ್ ಹೇಳು."

*

ಜನಾಜ ಅಂಗಳ ದಾಟಿತು. ಹಾದಿ ಪ್ಲಾಟ್‌ಫಾರಮ್ಮಿನ ಮೇಲೆಯೇ ಹಾದು, ಆ ತುದಿಯ ಗೇಟಿನಲ್ಲಿ ಹಳಿ ದಾಟಿ ಖಬರಸ್ತಾನಕ್ಕೆ ಹೋಗಬೇಕು. ಈಗ ಅಲ್ಲಿ ಎರಡು ಜೋಡಿ ಹಳಿ, ಮೇಲೆ ಕರೆಂಟಿನ ತಂತಿ, ಪ್ಲಾಟ್‌ಫಾರಮ್ಮಿಗೆ ಸಿಮೆಂಟು. ಗಂಡಸರು ಹೆಗಲು ಬದಲಾಯಿಸುತ್ತ, ಕಲಿಮಾ ಹೇಳುತ್ತ ನಡೆದರು. ಸೋಮಶೇಖರಪ್ಪನೂ ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಾಲ್ಕು ಹೆಜ್ಜೆ ಹೆಗಲು ಕೊಟ್ಟ. ಮಂಡಿ ಕೇಳಲಿಲ್ಲ. ಯಾರೋ ಅವನನ್ನು ಬಿಡಿಸಿ ಬೆಂಚಿನ ಮೇಲೆ ಕೂರಿಸಿ ಮುಂದೆ ಹೋದರು.

ಕೋಮಲಾ ಒಳಗೆ ಸೈದಾನಿ ಬಿಯ ಜೊತೆಯಲ್ಲಿದ್ದಳು. ಪ್ರೇಮಮ್ಮ ಒಬ್ಬಳೇ ಪ್ಲಾಟ್‌ಫಾರಮ್ಮಿಗೆ ಬಂದು ಬೆಂಚಿನ ಮುಂದೆ ನಿಂತಳು.

"ಭಾವ."

ಸೋಮಶೇಖರಪ್ಪ ತಲೆಯೆತ್ತಿದ. ಕರೆದದ್ದು ಯಾರೆಂದು ತಿಳಿಯುವುದಕ್ಕೆ ಅವನಿಗೆ ತುಸು ಹೊತ್ತು ಬೇಕಾಯಿತು.

"ಅವತ್ತು ಸಾಬ್ರು ಇಲ್ಲಿರ್ಲಿಲ್ವಂತೆ."

ಯಾರು ಹೇಳಿದರು ಎಂದು ಅವನು ಕೇಳಲಿಲ್ಲ. "ಇರ್ಲಿಲ್ಲ," ಎಂದ.

"ನಿಮಗ್ ಗೊತ್ತಿತ್ತು."

"ನಂಗೊಬ್ನಿಗೇ ಗೊತ್ತಿದ್ದಿದ್ದು. ನಾನ್ ನೋಡ್ದೆ ಅಂತ ಅವ್ರು ಪೊಲೀಸ್ನೋರಿಗೆ ಹೇಳ್ದಾಗ ನಂಗೇ ಎದೆ ಝಲ್ ಅಂತು. ಆಮೇಲ್ ಸುಮ್ನಾದೆ."

"ಯಾಕ್ ಸುಮ್ನಾದ್ರಿ?"

"ನಾನೂ ಅವನೂ ಇಬ್ರೇ ಇದ್ವಿ ಅಂದ್ರೆ ಯಾರ್ ನಂಬೋರು ಪ್ರೇಮ? ನೀನು ನಂಬ್ತಿದ್ಯಾ?"

"ಏನಾಯ್ತು ಹೇಳಿ."

"ದಾರಿಯುದ್ದಕ್ಕೂ ಜಗಳ. ಇಲ್ಲಿಗ್ ಬಂದ್ಮೇಲೂ ಜಗಳ. ಪಂಚಾಯ್ತಿನೂ ಬ್ಯಾಡ ಏನೂ ಬ್ಯಾಡ ಅಂತ ಹಳಿಗ್ ಇಳಿದ, ಹೊಲದ ಕಡೆ ಹೋಗೋಕೆ. ಗಾಡಿ ಸದ್ದು ಕೇಳ್ತಿತ್ತು, ಕಾಣ್ತಿರ್ಲಿಲ್ಲ. ನಾನು ಲೇ ರೇಣುಕಾ ಅಂತ ಕೂಗ್ದೆ." ಊರುಗೋಲಿನ ತುದಿಯನ್ನು ಸಿಮೆಂಟಿನ ಮೇಲೆ ತಿರುಗಿಸಿದ. "ಕೂಗಿದ್ದಕ್ಕೆ ಅವನು ಅಲ್ಲೇ ನಿಂತು ಹಿಂದಕ್ಕೆ ತಿರುಗ್ದ. ಕೂಗ್ದೆ ಇದ್ದಿದ್ರೆ ದಾಟ್ಬಿಡ್ತಿದ್ದ."

"ಸಾಬ್ರಿಗೆ ಜಾಗ ಯಾಕ್ ಕೊಟ್ರಿ?"

"ಕೇಳಿದ್ರು. ಇಲ್ಲ ಅನ್ನೋಕೆ ನಂಗ್ ಬಾಯಿ ಎಲ್ಲಿತ್ತು?"

ಪ್ರೇಮಮ್ಮ ಅವನ ಮುಖವನ್ನು ಹುಡುಕಿದಳು. ಈ ಮಾತು ಎದೆಯಲ್ಲಿ ಹೊತ್ತು ಹೊತ್ತು ಹೀಗೆ ಸವೆದು ಬಂದದ್ದೋ, ಎಂದಾದರೂ ಇವಳು ಕೇಳಿಯಾಳೆಂದು ಇಷ್ಟು ವರ್ಷ ಕೂತು ಉಜ್ಜಿ ನಯಮಾಡಿ ಇಟ್ಟುಕೊಂಡದ್ದೋ? ಕಣ್ಣು ಒದ್ದೆಯಾಗಿತ್ತು. ಮುದುಕರ ಕಣ್ಣು ಸುಮ್ಮನೆಯೂ ಒದ್ದೆಯಾಗುತ್ತದೆ. ಕೇಳುವುದಕ್ಕೆ ಇನ್ನು ಯಾರೂ ಉಳಿದಿರಲಿಲ್ಲ.

ಬೀರೂರಿನ ಕಡೆಯಿಂದ ಹಾರನ್ ಕೇಳಿತು. ಇಲ್ಲಿ ನಿಲ್ಲದ ಗಾಡಿ.

ಹಳಿಯಾಚೆ ಖಬರಸ್ತಾನದ ಬೇಲಿಯೊಳಗೆ ಜನ ಬೆನ್ನು ಹಾಕಿ ನಿಂತಿದ್ದರು. "ಮಣ್ಣು ಹಾಕ್ತಾವ್ರೇನೋ," ಎನ್ನುತ್ತ ಸೋಮಶೇಖರಪ್ಪ ಕಷ್ಟಪಟ್ಟು ಎದ್ದ. ಕಣ್ಣು ಕಿರಿದು ಮಾಡಿಕೊಂಡು, ಊರುಗೋಲು ಊರುತ್ತ, ಸರಿಯಾಗಿ ಕಾಣುವುದಕ್ಕೆಂದು ಅಂಚಿನ ತನಕ ನಡೆದ. ಪ್ರೇಮಮ್ಮನೂ ಅವನ ಹಿಂದೆಯೇ ನಡೆದಳು. ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಇನ್ನೊಂದು ನರಪಿಳ್ಳೆ ಇರಲಿಲ್ಲ.

ಅವನ ಮಂಡಿ ಒಮ್ಮೆ ತೊನೆಯಿತು. ಅವಳ ಕೈ ತಾನಾಗಿ ಮುಂದೆ ಹೋಗಿ ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿಯಿತು.

ಗಾಡಿ ನುಗ್ಗಿ ಬಂತು. ಗಾಳಿಗೆ ಅವಳ ಸೆರಗು ಹಾರಿ ಅವನ ಹೆಗಲ ಮೇಲೆ ಬಿತ್ತು. ಬೋಗಿಯ ಮೇಲೆ ಬೋಗಿ, ಕಿಟಕಿಯ ಮೇಲೆ ಕಿಟಕಿ, ಕಾಲ ಕೆಳಗಿನ ಸಿಮೆಂಟು ನಡುಗುತ್ತಿತ್ತು. ಸೋಮಶೇಖರಪ್ಪ ಗಾಡಿಯನ್ನು ನೋಡುತ್ತಿರಲಿಲ್ಲ. ಕತ್ತು ಹೊರಳಿಸಿ, ಉಸಿರು ಬಿಗಿಹಿಡಿದು, ಅವಳ ಕೈಯನ್ನೇ ನೋಡುತ್ತಿದ್ದ.

ಕೊನೆಯ ಬೋಗಿ ಅಜ್ಜಂಪುರದ ತಿರುವಿನಲ್ಲಿ ಮರೆಯಾದ ಮೇಲೂ ಆ ಮುಷ್ಟಿ ಸಡಿಲವಾಗಿರಲಿಲ್ಲ.